ಜಿಯೋಕ್ಯಾಶ್ ಡಬ್ಬಿಗೆ ಏನು ಹಾಕೋಣ?

ಅಮೆರಿಕದಲ್ಲಿರುವ ಮಗಳ ಮನೆಗೋ ಮಗನ ಮನೆಗೋ ಆರು ತಿಂಗಳ ಮಟ್ಟಿಗೆ ಹೊರಟವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಸಾರಿನಪುಡಿ ಇದ್ದೇ ಇರುತ್ತವೆ. ಅಲ್ಲಿನ ಮೊಮ್ಮಕ್ಕಳಿಗೆ ಜಿಯೋಕ್ಯಾಶಿಂಗ್ ಹುಚ್ಚು ಹಿಡಿದಿದ್ದರೆ ಇನ್ನೊಂದು ಪುಟ್ಟ ಪೊಟ್ಟಣಕ್ಕೂ ಜಾಗ ಮಾಡಿಕೊಳ್ಳಿ. ಅದರಲ್ಲಿ ಏನಿರಬೇಕು, ಏನಿರಬಾರದು ಎಂಬುದೇ ಈ ಲೇಖನ.

ಆಟ ಸರಳ. ಯಾರೋ ಒಬ್ಬರು ಕಾಡುದಾರಿಯಲ್ಲೋ ಪಾರ್ಕಿನ ಮೂಲೆಯಲ್ಲೋ ಡಬ್ಬಿ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಅಂತರ್ಜಾಲದಲ್ಲಿ ಹಾಕುತ್ತಾರೆ. ಮೊಬೈಲಿನ ಜಿಪಿಎಸ್ ನೋಡಿಕೊಂಡು ನಾವು ಹುಡುಕಬೇಕು. ಸಿಕ್ಕರೆ ಒಳಗಿನ ಲಾಗ್‌ಬುಕ್ಕಿನಲ್ಲಿ ಹೆಸರು, ದಿನಾಂಕ ಬರೆಯಬೇಕು. ಬೇಕೆನಿಸಿದರೆ ಒಂದು ವಸ್ತು ತೆಗೆದುಕೊಂಡು ನಮ್ಮದೊಂದನ್ನು ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಬಚ್ಚಿಟ್ಟು ಬರಬೇಕು. ಆಟ ಶುರುವಾದದ್ದು ಹೀಗೆ: 2000ನೇ ಇಸವಿ ಮೇ 2ರಂದು ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ನಿಲ್ಲಿಸಿತು. ಮರುದಿನವೇ ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಕಪ್ಪು ಬಕೆಟ್ಟೊಂದನ್ನು ಬಚ್ಚಿಟ್ಟ. ಅದರಲ್ಲಿ ಪುಸ್ತಕ, ಸಾಫ್ಟ್‌ವೇರ್, ಕವಣೆ ಮುಂತಾದವುಗಳ ಜೊತೆ ಬೀನ್ಸ್ ತುಂಬಿದ ತಗಡಿನ ಡಬ್ಬಿಯೂ ಇತ್ತು. ತಮಾಷೆಯೆಂದರೆ, ಇಂದಿನ ನಿಯಮದಂತೆ ಆ ಬೀನ್ಸ್‌ಗೆ ಪ್ರವೇಶವೇ ಇಲ್ಲ!

ಮೊದಲು ಗಾತ್ರ ನೋಡಿ

ಪ್ರತಿ ಕ್ಯಾಶ್‌ನ, ಅಂದರೆ ಬಚ್ಚಿಟ್ಟ ಡಬ್ಬಿಯ, ವಿವರದಲ್ಲಿ ಗಾತ್ರ ಕೊಟ್ಟಿರುತ್ತಾರೆ. ಮನೆ ಬಿಡುವ ಮುಂಚೆಯೇ ಅದನ್ನು ಓದಿ. 100 ಮಿಲಿಲೀಟರಿಗಿಂತ ಚಿಕ್ಕದು ಮೈಕ್ರೊ. ಕ್ಯಾಮೆರಾ ರೀಲಿನ ಹಳೆಯ ಡಬ್ಬಿಯಷ್ಟಿರುವ ಇದರಲ್ಲಿ ಸಾಮಾನ್ಯವಾಗಿ ಹೆಸರು ಬರೆಯುವ ಚೀಟಿಗಷ್ಟೇ ಜಾಗ. ಇಲ್ಲಿಗೆ ವಸ್ತು ಬೇಡ, ಪೆನ್ನೊಂದು ಸಾಕು. ಒಂದು ಲೀಟರ್‌ವರೆಗಿನದು ಸ್ಮಾಲ್, ಅಲ್ಲಿಂದ 20 ಲೀಟರ್‌ವರೆಗೆ ರೆಗ್ಯುಲರ್, ಅದಕ್ಕೂ ಮೇಲಿನದು ಲಾರ್ಜ್. ಕೊಡು ಕೊಳ್ಳುವ ಮಜಾ ಇರುವುದು ಸ್ಮಾಲ್‌ನಿಂದ ಮೇಲಕ್ಕೆ. ಮಕ್ಕಳನ್ನು ಕರೆದೊಯ್ಯುವುದಾದರೆ ರೆಗ್ಯುಲರ್ ಡಬ್ಬಿಗಳನ್ನೇ ಆರಿಸಿಕೊಳ್ಳಿ. ಅರ್ಧ ಗಂಟೆ ಪೊದೆ ತಡಕಿದ ಮಗುವಿಗೆ ಬರೀ ಚೀಟಿ ತೋರಿಸಿದರೆ ಅದು ಮುಂದಿನ ವಾರ ಬರಲಾರದು.

ಬಿಸಿಲು, ನೀರು, ವಾಸನೆ

ಡಬ್ಬಿ ತಿಂಗಳುಗಟ್ಟಲೆ ಬಯಲಲ್ಲಿರುತ್ತದೆ. ಆದ್ದರಿಂದ ಯಾವುದೇ ವಸ್ತುವನ್ನು ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಬಿಸಿಲಿಗೆ ಕರಗುತ್ತದೆಯೇ? ತೇವಕ್ಕೆ ಕೆಡುತ್ತದೆಯೇ? ವಾಸನೆ ಬರುತ್ತದೆಯೇ?

ಕ್ರೇಯಾನ್, ಮೇಣದಬತ್ತಿ, ಲಿಪ್ ಬಾಮ್ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತವೆ. ಬೇಸಿಗೆಯಲ್ಲಿ ಕರಗಿದ ಒಂದೇ ಒಂದು ಕ್ರೇಯಾನ್ ಲಾಗ್‌ಬುಕ್ಕಿನ ಹಾಳೆಗಳನ್ನೆಲ್ಲ ಅಂಟಿಸಿಬಿಡುತ್ತದೆ. ಆಮೇಲೆ ಬಂದವರು ಹೆಸರು ಬರೆಯುವುದೆಲ್ಲಿ? ಸೋಪಿನ ನೀರಿನ ಗುಳ್ಳೆ ಊದುವ ಬಾಟಲಿ, ಸ್ಯಾನಿಟೈಸರ್‌ನಂಥ ದ್ರವಗಳು ಸೋರುತ್ತವೆ. ಬಟ್ಟೆ ಮತ್ತು ಹತ್ತಿಯ ಗೊಂಬೆಗಳಿಗೆ ಬೂಷ್ಟು ಹಿಡಿಯುತ್ತದೆ.

ವಾಸನೆಯದು ಇನ್ನೂ ದೊಡ್ಡ ತಲೆನೋವು. ಚಾಕೊಲೇಟ್, ಚ್ಯೂಯಿಂಗ್ ಗಮ್ ಇಟ್ಟರೆ ಅಲ್ಲಿನ ರಕೂನ್, ಅಳಿಲು, ಕೆಲವು ಕಡೆ ಕರಡಿ ಕೂಡ ಡಬ್ಬಿಯನ್ನು ಕಚ್ಚಿ ಹಾಕುತ್ತವೆ. ನಮ್ಮ ಬೆಂಗಳೂರಿನಲ್ಲೂ ಕ್ಯಾಶ್‌ಗಳಿವೆ. ಇಲ್ಲಾದರೆ ಕೋತಿ, ಹೆಗ್ಗಣ, ಇರುವೆ. ಮೈಸೂರಿನ ನೆನಪಿಗೆಂದು ಊದುಬತ್ತಿಯನ್ನೋ ಗಂಧದ ಸೋಪನ್ನೋ ಇಡಲು ಮನಸ್ಸಾಗುತ್ತದೆ, ನಿಜ. ಅದನ್ನು ಬೀಗರಿಗೆ ಕೊಡಿ. ಚಾಕು, ಪಟಾಕಿ, ಲೈಟರ್, ಮದ್ಯ, ಔಷಧಿಯನ್ನಂತೂ ಇಡಲೇಬೇಡಿ. ಡಬ್ಬಿ ತೆರೆಯುವ ಕೈ ಐದು ವರ್ಷದ ಮಗುವಿನದೂ ಆಗಿರಬಹುದು.

ನಮ್ಮೂರಿನಿಂದ ಏನು ಒಯ್ಯಬಹುದು?

ಊರಿನ ಗುರುತಿರುವ, ಅಂಗೈಯಲ್ಲಿ ಮುಚ್ಚಬಹುದಾದ ವಸ್ತು ಎಲ್ಲಕ್ಕಿಂತ ಮೇಲು. ನನ್ನ ಮೊದಲ ಆಯ್ಕೆ ಚನ್ನಪಟ್ಟಣದ ಪುಟ್ಟ ಬುಗುರಿ. ಆಲೆ ಮರದ್ದು, ಮೇಲೆ ಅರಗಿನ ಬಣ್ಣ, ಬೆಲೆಯೂ ಹೊರೆಯಲ್ಲ. ಸಿಕ್ಕ ಜಾಗದಲ್ಲೇ ಬಂಡೆಯ ಮೇಲೆ ಬೆರಳಲ್ಲಿ ತಿರುಗಿಸಿ ಆಡಬಹುದು. ಹಾಗೇ ಇಡದೆ ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ.

ಎರಡನೆಯದು ನಾಲ್ಕಾಣೆ. 25 ಪೈಸೆ ನಾಣ್ಯ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಎಷ್ಟೋ ಮನೆಗಳ ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿದೆ. ಘೇಂಡಾಮೃಗದ ಚಿತ್ರವಿರುವ ಸ್ಟೇನ್‌ಲೆಸ್ ಸ್ಟೀಲಿನ ನಾಣ್ಯ ಸಿಕ್ಕರೆ ತೊಳೆದು ಒರೆಸಿ ಇಟ್ಟುಕೊಳ್ಳಿ. ಪರದೇಶದ ನಾಣ್ಯವೆಂದರೆ ಈ ಆಟದವರಿಗೆ ಬಲು ಪ್ರೀತಿ. ಜೊತೆಗೆ ಯಾವ ದೇಶದ್ದು, ಯಾವ ಪ್ರಾಣಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲಿನ ಚೀಟಿ ಇರಲಿ. ಗಾಜಿನ ಗೋಲಿಯೂ ಒಳ್ಳೆಯದೇ, ಬಿಸಿಲು ಮಳೆಗೆ ಅದಕ್ಕೇನೂ ಆಗದು. ಆದರೆ ತೀರ ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ನಿಗಾ ಬೇಕು.

ಕೆಲವನ್ನು ಮನೆಯಲ್ಲೇ ಬಿಡಿ. ಗುಲಗಂಜಿ ನೋಡಲು ಚೆಂದ, ಒಳಗೆ ಘೋರ ವಿಷ. ಅದಿರಲಿ, ಯಾವ ಬೀಜ ಒಯ್ದರೂ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತಕರಾರು ಬರುತ್ತದೆ. ನವಿಲುಗರಿಯನ್ನು ದೇಶದಿಂದ ಹೊರಗೆ ಒಯ್ಯಲು ಕಾನೂನು ಬಿಡುವುದಿಲ್ಲ. ದೇವರ ಪಟ, ಕುಂಕುಮದ ಪೊಟ್ಟಣವೂ ಬೇಡ. ಅವು ಇನ್ನೊಬ್ಬರ ಬೂಟಿನ ಕೆಸರಿನ ಪಕ್ಕ ಬೀಳಬಾರದಲ್ಲ.

ಸಮಕ್ಕೆ ಸಮ

ತೆಗೆದುಕೊಂಡದ್ದಕ್ಕೆ ಸಮನಾದುದನ್ನು, ಸಾಧ್ಯವಾದರೆ ತುಸು ಮೇಲಿನದನ್ನು ಇಡಬೇಕೆಂಬುದು ವಾಡಿಕೆ. ಈ ವಾಡಿಕೆ ತಪ್ಪುವುದರಿಂದಲೇ ಹಳೆಯ ಡಬ್ಬಿಗಳ ಗತಿ ಹೀಗಾಗುವುದು: ಗಾಲಿ ಕಳಚಿದ ಕಾರು, ಅರ್ಧ ರಬ್ಬರ್, ಅವಧಿ ಮುಗಿದ ಕೂಪನ್, ಯಾರದೋ ವಿಸಿಟಿಂಗ್ ಕಾರ್ಡ್. ಕೊಡಲು ಏನೂ ಇಲ್ಲದಿದ್ದರೆ ಏನನ್ನೂ ತೆಗೆದುಕೊಳ್ಳಬೇಡಿ, ಹೆಸರು ಬರೆದು ಬನ್ನಿ. ಅದಕ್ಕೆ ಯಾರೂ ಬೇಸರಿಸುವುದಿಲ್ಲ. ಡಬ್ಬಿಯೊಳಗೆ ಕಸವಿದ್ದರೆ ಹೊರಗೆ ತಂದು ಬಿಸಾಡಬಹುದು.

ಒಂದು ಎಚ್ಚರಿಕೆ. ಸಂಖ್ಯೆ ಕೊರೆದ ಲೋಹದ ಬಿಲ್ಲೆ ಕಟ್ಟಿರುವ ವಸ್ತು ಸಿಕ್ಕರೆ ಅದು ಉಡುಗೊರೆಯಲ್ಲ. ಅದು ಟ್ರಾವೆಲ್ ಬಗ್, ಡಬ್ಬಿಯಿಂದ ಡಬ್ಬಿಗೆ ಪಯಣಿಸಬೇಕಾದದ್ದು. ತೆಗೆದುಕೊಳ್ಳಲು ಬದಲಿ ಏನೂ ಇಡಬೇಕಿಲ್ಲ, ಆದರೆ ಇನ್ನೊಂದು ಡಬ್ಬಿಗೆ ತಲುಪಿಸುವ ಖಾತ್ರಿ ಇದ್ದರಷ್ಟೇ ಮುಟ್ಟಿ. ಸಂಖ್ಯೆಯ ಫೋಟೊ ಹಂಚಬೇಡಿ. ವಸ್ತು ಕೈಯಲ್ಲಿದೆ ಎನ್ನುವುದಕ್ಕೆ ಆ ಸಂಖ್ಯೆಯೇ ಪುರಾವೆ. ಊರಿಗೆ ಮರಳುವಾಗ ಜೊತೆಗೆ ತಂದು ಬೆಂಗಳೂರಿನ ಡಬ್ಬಿಯೊಂದಕ್ಕೆ ಹಾಕಿದರೆ ಅದರ ಯಜಮಾನ ಕುಣಿದಾಡುತ್ತಾನೆ. ಅದು ಕ್ರಮಿಸಿದ ದೂರವನ್ನು ಜಾಲತಾಣ ಲೆಕ್ಕ ಇಡುತ್ತದೆ.

ಕೊನೆಗೆ ಮುಚ್ಚಳ. ಜಿಪ್ ಕವರಿನ ಒಂದು ತುದಿ ಮುಚ್ಚಳದ ರಬ್ಬರಿಗೆ ಸಿಕ್ಕಿಕೊಂಡರೂ ಸಾಕು, ಮೊದಲ ಮಳೆಗೇ ನೀರು ಒಳಗೆ. ಕವರುಗಳನ್ನು ಒಳಕ್ಕೆ ತಳ್ಳಿ, ನಾಲ್ಕೂ ಕಡೆಯ ಕೊಂಡಿ ಕಟ್ಟೆಂದು ಕೂತಿತೇ ಎಂದು ಒತ್ತಿ ನೋಡಿ.