ಮೆಟ್ಟಿಲು ಹತ್ತುವವರ ಹದಿನೈದು ಕೀರ್ತನೆಗಳು



ಬೆಟ್ಟ ಹತ್ತುವಾಗ ನಮ್ಮ ಕೈಯಲ್ಲಿ ಜಪಸರ ಇರುತ್ತದೆ, ಬೈಬಲ್ ಮನೆಯ ಕಪಾಟಿನಲ್ಲಿ ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಹಿಂದೆ ಓದು ಬಾರದ ಭಕ್ತರು 150 ಕೀರ್ತನೆಗಳ ಬದಲಿಗೆ 150 ಸಲ ನಮೋ ಮರಿಯ ಹೇಳುತ್ತಿದ್ದರು, ಜಪಸರಕ್ಕೂ ಕೀರ್ತನೆಗಳಿಗೂ ಇರುವ ನಂಟು ಅದೇ. ಆದರೆ ಈಗ ನಮಗೆ ಓದು ಬರುತ್ತದಲ್ಲ! ಹಾಗಿದ್ದಮೇಲೆ ಜಪಸರದ ಜೊತೆಗೆ ದಿನಕ್ಕೊಂದು ಕೀರ್ತನೆ ಯಾಕಾಗಬಾರದು?

ಪೂಜೆಯಲ್ಲಿ ಮೊದಲನೇ ವಾಚನ ಆದಮೇಲೆ ಕೀರ್ತನೆ ಬರುತ್ತದೆ. ನಾವು ಶ್ಲೋಕಕ್ಕೆ ದನಿಗೂಡಿಸ್ತೇವೆ, ಮನೆ ಸೇರೋ ಹೊತ್ತಿಗೆ ಮರೀತೇವೆ. ಬೆಳಿಗ್ಗೆ ಸಂಜೆ ಕೀರ್ತನೆ ಹೇಳೋದು ಗುರುಗಳ, ಕನ್ಯಾಸ್ತ್ರೀಯರ ಕೆಲಸ ಅಂದುಕೊಂಡಿದ್ದೇವೆ. ಆದರೆ ಈ ಪ್ರಾರ್ಥನೆಯನ್ನು ಶ್ರೀಸಾಮಾನ್ಯರೂ ಮಾಡಲಿ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಪ್ರೋತ್ಸಾಹಿಸಿತ್ತು.

ಎಲ್ಲಿಂದ ಶುರು ಮಾಡೋದು ಅಂತೀರಾ? 120ರಿಂದ 134ರವರೆಗಿನ ಹದಿನೈದು ಕೀರ್ತನೆಗಳಿಂದ. ಇವು ಯಾತ್ರಾಗೀತೆಗಳು. ಹಬ್ಬಕ್ಕೆಂದು ಜೆರುಸಲೇಮಿನ ಬೆಟ್ಟ ಹತ್ತುತ್ತಿದ್ದವರ ಹಾಡುಗಳೆಂದೇ ಇವನ್ನು ಭಕ್ತರು ಹೇಳಿಕೊಂಡು ಬಂದಿದ್ದಾರೆ. 132ನೆಯದೊಂದು ಬಿಟ್ಟರೆ ಎಲ್ಲವೂ ಚಿಕ್ಕವು. ದಿನಕ್ಕೊಂದರಂತೆ ತಿಂಗಳಿಗೆ ಎರಡು ಸುತ್ತು ಆಗುತ್ತದೆ.

121ನೆಯದನ್ನು ಇಲ್ಲೇ, ಮೆಟ್ಟಿಲ ಮೇಲೇ ಓದಿ. ಭಕ್ತನ ಕಣ್ಣು ಬೆಟ್ಟದ ಕಡೆ ಏಳುತ್ತದೆ, ಆದರೆ ಸಹಾಯ ಬರುವುದು ಬೆಟ್ಟದಿಂದಲ್ಲ, ಭೂಮ್ಯಾಕಾಶಗಳನ್ನು ಉಂಟುಮಾಡಿದ ಪ್ರಭುವಿನಿಂದ. ಹರಕೆ ಹೊತ್ತು ಬರುವ ನಾವು ಈ ಮಾತಿನ ಹತ್ತಿರ ಒಂದು ನಿಮಿಷ ನಿಲ್ಲಬೇಕು.

126ನೆಯದರಲ್ಲಿ ನೆಗೆವ್ ಎಂಬ ಒಣ ಸೀಮೆಯ ಹಳ್ಳಗಳ ಮಾತು ಬರುತ್ತದೆ. ಬೇಸಿಗೆಯಲ್ಲಿ ಬರೀ ಕಲ್ಲು, ಮಳೆ ಬಂದರೆ ಒಮ್ಮೆಗೇ ತುಂಬಿ ಹರಿಯುವ ನೀರು. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭದ್ರಾ ನಾಲೆಗೆ ನೀರು ಬಿಟ್ಟ ದಿನ ಗದ್ದೆ ಬದುವಿನಲ್ಲಿ ನಿಂತವರ ಮುಖ ನೋಡಿದ್ದರೆ ಸಾಕು. ಕಣ್ಣೀರಲ್ಲಿ ಬಿತ್ತಿದವರು ಹಾಡುತ್ತಾ ಕೊಯ್ಯುವರು ಎಂಬ ಭರವಸೆ ಇರುವುದೂ ಇದೇ ಕೀರ್ತನೆಯಲ್ಲಿ.

ಇನ್ನು 130. ಪಾತಾಳದಂಥ ಆಳದಿಂದ ಎದ್ದ ಕೂಗು ಇದು. ಬೆಳಗಾಗುವುದನ್ನೇ ಎದುರುನೋಡುವ ಕಾವಲುಗಾರರ ಹೋಲಿಕೆ ಇದರಲ್ಲಿ ಎರಡು ಸಲ ಬರುತ್ತದೆ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದದ್ದು 1923ರಲ್ಲಿ. ರಾತ್ರಿ ಪಾಳಿ ಅಂದರೇನು, ಬೆಳಗಿನ ಜಾವ ಎಷ್ಟು ನಿಧಾನ ಅನ್ನೋದು ಆ ಊರಿನ ಮನೆಮನೆಗೂ ಗೊತ್ತು. ಕಾಗದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಇಂಥ ಮನೆಗಳವರು ಕೇಳುವುದುಂಟು: "ಸಂಬಳ ನಿಂತಿದೆ ಫಾದರ್, ದೇವರಿಗೆ ಸ್ತೋತ್ರ ಅಂತ ಬಾಯಲ್ಲಿ ಹೇಗೆ ಬರುತ್ತೆ?"

ಬರದಿದ್ದರೆ ಬೇಡ. ಪ್ರಾರ್ಥನೆ ಅಂದರೆ ಬರೀ ಸ್ತುತಿ ಅಂತ ಯಾರು ಹೇಳಿದರು? ಕೀರ್ತನೆಗಳಲ್ಲಿ ದೊಡ್ಡ ಪಾಲು ಗೋಳಾಟವೇ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಮಾತೂ ಕೊನೆಗೆ ಬರುವುದಿಲ್ಲ. ಅದನ್ನೇ ಧರ್ಮಸಭೆ ಶುಕ್ರವಾರ ರಾತ್ರಿಯ ಪ್ರಾರ್ಥನೆಗೆ ಇಟ್ಟುಕೊಂಡಿದೆ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತನ್ನು. ದೇವರ ಮುಂದೆ ಹೇಳಿಕೊಂಡ ದೂರು ಕೂಡ ವಿಶ್ವಾಸವೇ, ಕೇಳುವವನಿದ್ದಾನೆ ಎಂದು ನಂಬಿದವನು ತಾನೇ ದೂರು ಹೇಳೋದು?

"ನಮ್ಮನೇಲಿ ಎಲ್ಲಾ ಚೆನ್ನಾಗಿದೆ, ನಾನ್ಯಾಕೆ ಅಳುವ ಕೀರ್ತನೆ ಹೇಳ್ಲಿ?" ಎಂದು ಶಿವಮೊಗ್ಗದವರೊಬ್ಬರು ಕೇಳಬಹುದು. ನಿಮಗಾಗಿ ಅಲ್ಲಮ್ಮ, ಇಪ್ಪತ್ತು ಕಿಲೋಮೀಟರ್ ಆಚೆ ನಿದ್ದೆ ಬಾರದೆ ಕೂತವರಿಗಾಗಿ ಹೇಳಿ. ಕೀರ್ತನೆಯಲ್ಲಿ 'ನಾನು' ಅಂದಾಗ ಇಡೀ ಧರ್ಮಸಭೆಯೇ 'ನಾನು' ಅನ್ನುತ್ತದೆ. ಹಾಗೆಯೇ ಅವರು 126ನ್ನು ಹೇಳುವ ದಿನ ನಿಮ್ಮ ಮನೆಯ ಸಂತೋಷಕ್ಕೂ ದನಿಗೂಡಿಸುತ್ತಾರೆ.

ಓದುವ ಕ್ರಮ ಸುಲಭ. ಬಾಯಿಬಿಟ್ಟು, ನಿಧಾನವಾಗಿ, ಮನೆಯ ಮಕ್ಕಳಿಗೂ ಕೇಳುವ ಹಾಗೆ ಓದಿ. ಮನಸ್ಸಿಗೆ ನಾಟಿದ ಸಾಲಿನಲ್ಲಿ ನಿಲ್ಲಿ, ಬಸ್ಸಿನಲ್ಲೋ ಒಲೆಯ ಮುಂದೆಯೋ ಅದನ್ನೇ ಮತ್ತೆ ಮತ್ತೆ ಹೇಳ್ಕೊಳ್ಳಿ. ಹದಿನೈದನೆಯ ದಿನಕ್ಕೆ ಬರುವ 134ರಲ್ಲಿ ಮೂರೇ ವಚನಗಳಿವೆ, ರಾತ್ರಿ ಹೊತ್ತು ದೇವಾಲಯದಲ್ಲಿ ಸೇವೆ ಮಾಡುವವರನ್ನು ಕುರಿತದ್ದು. ದೀಪ ಆರಿಸುವ ಮೊದಲು ಅದನ್ನು ಹೇಳಿ ಮಲಗಿ, ಮಾರನೆಯ ಬೆಳಿಗ್ಗೆ ಮತ್ತೆ 120ರಿಂದ.