ಮಾದರಿ ಯುದ್ಧನೌಕೆಗಳ ಜಲಕಾಳಗ: ಒಂದು ಪ್ರವೇಶಿಕೆ

ಹಳಗನ್ನಡದ 'ಪಡಗು' ಎಂಬ ಶಬ್ದವು ಪಕಾರಕ್ಕೆ ಹಕಾರ ಬಂದು 'ಹಡಗು' ಆಯಿತೆಂಬುದನ್ನು ವ್ಯಾಕರಣದ ತರಗತಿಯಲ್ಲಿ ಕೇಳದ ವಿದ್ಯಾರ್ಥಿ ಇರಲಾರನು. 'ನಾವೆ' ಎಂಬುದು ಸಂಸ್ಕೃತದ 'ನೌ' ಶಬ್ದದಿಂದ ಬಂದುದು, 'ಚುಕ್ಕಾಣಿ'ಯು ಅರಬ್ಬೀ ನಾವಿಕರ 'ಸುಕ್ಕಾನ್' ಎಂಬುದರ ರೂಪಾಂತರ, 'ಲಂಗರು' ಪಾರಸಿಯದು. ಕಡಲಿನಿಂದ ಬಹುದೂರದ ಈ ಸೂಲಿಬೆಲೆಯಲ್ಲಿ ಕುಳಿತು ಮಾತನಾಡುವ ನಮ್ಮ ನಾಲಗೆಯ ಮೇಲೆಯೇ ಇಷ್ಟು ದೇಶಗಳ ನಾವಿಕರು ಇಳಿದುಹೋಗಿದ್ದಾರೆ. ಇಮ್ಮಡಿ ಪುಲಕೇಶಿಯ ನೌಕಾಪಡೆಯು ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ಸಂಗತಿಯನ್ನು ರವಿಕೀರ್ತಿಯು 634ರ ಐಹೊಳೆಯ ಶಾಸನದಲ್ಲಿ ಹೇಳಿದ್ದಾನೆ. ಮುಂಬಯಿಯ ಬೊರಿವಲಿಗೆ ಸಮೀಪದ ಏಕ್ಸರಿನ ವೀರಗಲ್ಲುಗಳಲ್ಲಿ ಸಾಲುಸಾಲಾಗಿ ಹುಟ್ಟುಹಾಕುವ ಯುದ್ಧನೌಕೆಗಳನ್ನು ಶಿಲ್ಪಿಯು ಕಂಡರಿಸಿದ್ದಾನೆ. ಆದುದರಿಂದ ನೌಕಾಯುದ್ಧವೆಂಬುದು ನಮಗೆ ಅಪರಿಚಿತವಾದ ವಿಷಯವೆಂದು ಯಾರೂ ಭಾವಿಸಬೇಕಾಗಿಲ್ಲ. ಈ ಲೇಖನದಲ್ಲಿ ಹೇಳಹೊರಟಿರುವುದಾದರೋ ಅದರ ಒಂದು ಕಿರಿಯ ರೂಪವನ್ನು, ಎಂದರೆ ರೇಡಿಯೋ ಅಲೆಗಳಿಂದ ದಡದಲ್ಲಿಯೇ ನಿಂತು ನಡೆಸುವ ಮಾದರಿ ಯುದ್ಧನೌಕೆಗಳ ಕಾಳಗವನ್ನು.

ಈ ಕ್ರೀಡೆಯು 1970ರ ದಶಕದ ಕೊನೆಯಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ರೂಪುಗೊಂಡಿತು. ಅನಂತರ ಆಸ್ಟ್ರೇಲಿಯ ಮೊದಲಾದೆಡೆಗಳಿಗೂ ಹಬ್ಬಿತು. ಎರಡನೆಯ ಮಹಾಯುದ್ಧದ ಕಾಲದವರೆಗಿನ ನಿಜವಾದ ಯುದ್ಧನೌಕೆಯೊಂದನ್ನು ಆಯ್ದು, ಅದರ 144ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಮಾದರಿಯನ್ನು ನಿರ್ಮಿಸುತ್ತಾರೆ. ಒಡಲಿನ ಪಾರ್ಶ್ವಗಳಿಗೆ ಬಾಲ್ಸಾ ಎಂಬ ಅತಿ ಹಗುರವಾದ ಮರದ ತೆಳುಹಾಳೆಯನ್ನು ಹೊದಿಸುತ್ತಾರೆ. ನಾವೆಯೊಳಗಿನ ಸಣ್ಣ ಸೀಸೆಯ ಅಂಗಾರಾಮ್ಲ ಅನಿಲದ ಒತ್ತಡದಿಂದ ನಳಿಗೆಗಳು ನಾಲ್ಕೂವರೆ ಮಿಲಿಮೀಟರ್ ಗಾತ್ರದ ಉಕ್ಕಿನ ಗುಂಡುಗಳನ್ನು ಹಾರಿಸುತ್ತವೆ. ಗುಂಡು ತಗುಲಿದಲ್ಲಿ ತೂತು; ತೂತಾದಲ್ಲಿ ನೀರು; ನೀರು ಮಿತಿಮೀರಿದರೆ ನಾವೆಯು ನಿಜವಾಗಿಯೂ ಮುಳುಗುತ್ತದೆ. ಕಾಳಗ ಮುಗಿದ ಮೇಲೆ ತೂತುಗಳನ್ನು ಎಣಿಸುತ್ತಾರೆ. ಅಲ್ಲಿನ ಒಂದು ಪ್ರಮುಖ ಸಂಘದ ನಿಯಮದಂತೆ ನೀರಿನ ಗೆರೆಗಿಂತ ಮೇಲಿನ ತೂತಿಗೆ 10, ಗೆರೆಯ ಮೇಲಿನದಕ್ಕೆ 25, ಗೆರೆಯ ಕೆಳಗಿನದಕ್ಕೆ 50 ಅಂಕ. ಮುಳುಗಿದ ನಾವೆಯಿಂದ ದಾರ ಕಟ್ಟಿದ ಬೆಂಡೊಂದು ಮೇಲೆ ತೇಲಿಬರುವಂತೆ ಏರ್ಪಾಡಿರುತ್ತದೆ; ಅದರ ಗುರುತು ಹಿಡಿದು ನೀರಿಗಿಳಿದು ನಾವೆಯನ್ನು ಎತ್ತುತ್ತಾರೆ. ಹರಿದ ಹಾಳೆಗೆ ತೇಪೆ ಹಾಕಿ ಮತ್ತೆ ನೀರಿಗಿಳಿಸುತ್ತಾರೆ.

ವಿದ್ಯಾಲಯದಲ್ಲಿ ಮಕ್ಕಳಿಗೆ ಕಾಳಗದ ಆಟವೇಕೆ ಎಂದು ಹಿರಿಯ ಉಪಾಧ್ಯಾಯರು ಆಕ್ಷೇಪಿಸಬಹುದು. ಆಕ್ಷೇಪವು ತೂಕವುಳ್ಳದ್ದೇ. ಆದರೆ ಈ ಕ್ರೀಡೆಯನ್ನು ಸಮೀಪದಿಂದ ಪರಿಶೀಲಿಸಿದವರಿಗೆ ಒಂದು ವಿಚಿತ್ರವು ಗೋಚರಿಸುತ್ತದೆ. ಹೊಸಬರು ಬಂದೊಡನೆ ಕೇಳುವುದು ನಳಿಗೆಯ ವಿಷಯವನ್ನು. ಅನುಭವಸ್ಥರು ಹೇಳುವುದು ಪಂಪಿನ ವಿಷಯವನ್ನು. ಗುಂಡು ಹಾರಿಸುವುದನ್ನು ಯಾರೂ ಕಲಿಯಬಲ್ಲರು. ಒಡಲಿಗೆ ಹತ್ತು ತೂತುಗಳು ಬಿದ್ದ ಮೇಲೆಯೂ ನಾವೆಯನ್ನು ಸಮತೂಕದಲ್ಲಿ ತೇಲಿಸಿ ದಡ ಮುಟ್ಟಿಸುವುದೇ ಇಲ್ಲಿನ ವಿದ್ಯೆ. ತೇಲುವುದನ್ನು ಮೊದಲು, ಹೊಡೆಯುವುದನ್ನು ಕೊನೆಗೆ ಕಲಿಸುವುದಾದರೆ ನಮ್ಮ ಆಕ್ಷೇಪವೂ ಬಹುಮಟ್ಟಿಗೆ ಕರಗುತ್ತದೆ. ನಾವೆಯೂ ಮುಳುಗದೆ ಉಳಿಯುತ್ತದೆ.

ಯಾವ ನಾವೆಯನ್ನು ಆಯಬೇಕು? ಕನ್ನಡಿಗರಾದ ನಮಗೆ ಸಹಜವಾಗಿ ನೆನಪಾಗುವುದು 'ಐ.ಎನ್.ಎಸ್. ಮೈಸೂರು'. ಇಂದು ನೌಕಾಪಡೆಯಲ್ಲಿ ಆ ಹೆಸರನ್ನು ಧರಿಸಿರುವುದು 1999ರಲ್ಲಿ ಸೇರ್ಪಡೆಯಾದ ವಿಧ್ವಂಸಕ ನೌಕೆ. ನಾನು ಹೇಳುತ್ತಿರುವುದು ಅದರ ಹಿರಿಯಕ್ಕನಾದ ಕ್ರೂಸರನ್ನು. 1939ರಲ್ಲಿ ಬ್ರಿಟನ್ನಿನಲ್ಲಿ 'ನೈಜೀರಿಯ' ಎಂಬ ಹೆಸರಿನಿಂದ ನೀರಿಗಿಳಿದ ಈ ನೌಕೆಯು 1957ರ ಆಗಸ್ಟ್ 29ರಂದು ಭಾರತದ ಧ್ವಜವನ್ನೇರಿಸಿ ನಮ್ಮ ನಾಡಿನ ಹೆಸರನ್ನು ಪಡೆಯಿತು. ಗಂಡಭೇರುಂಡವೇ ಇದರ ಲಾಂಛನ. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿದ್ದು, 1985ರಲ್ಲಿ ಸೇವೆಯಿಂದ ನಿವೃತ್ತಿ ಹೊಂದಿತು. ಇದರ ಪೂರ್ವಚರಿತ್ರೆಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಘಟನೆಯೊಂದುಂಟು. 1942ರ ಆಗಸ್ಟ್ 12ರಂದು, ಮಾಲ್ಟಾ ದ್ವೀಪಕ್ಕೆ ಆಹಾರ, ಇಂಧನಗಳನ್ನೊಯ್ಯುತ್ತಿದ್ದ ಹಡಗುಗಳಿಗೆ ಬೆಂಗಾವಲಾಗಿದ್ದಾಗ, 'ಆಕ್ಸುಮ್' ಎಂಬ ಇಟಲಿಯ ಜಲಾಂತರ್ಗಾಮಿಯ ಟಾರ್ಪಿಡೋ ಇದಕ್ಕೆ ಬಡಿಯಿತು. ನಾವಿಕರು ಮಡಿದರು, ಒಡಲೊಳಗೆ ನೀರು ನುಗ್ಗಿತು, ಆದರೂ ನೌಕೆಯು ಮುಳುಗದೆ ಜಿಬ್ರಾಲ್ಟರನ್ನು ಹಿಂದಿರುಗಿ ಮುಟ್ಟಿತು. ಅಂದು ಅದು ಮುಳುಗಿದ್ದರೆ ಮೈಸೂರೆಂಬ ಹೆಸರು ಬೇರಾವ ನೌಕೆಗೆ ದೊರೆಯುತ್ತಿತ್ತೋ ಹೇಳಬಲ್ಲವರಾರು?

ಇದರ ಉದ್ದ ಸುಮಾರು 169 ಮೀಟರ್, ಅಗಲ ಸುಮಾರು 19 ಮೀಟರ್. 144ರಿಂದ ಭಾಗಿಸಿದರೆ ಮಾದರಿಯ ಉದ್ದ 117 ಸೆಂಟಿಮೀಟರ್, ಅಗಲ 13 ಸೆಂಟಿಮೀಟರ್. ಭಾರದ ಲೆಕ್ಕದಲ್ಲಿ ಹುಡುಗರು ಎಡವುತ್ತಾರೆ. ಪೂರ್ಣಭಾರ ಸುಮಾರು 11,000 ಟನ್ ಇರುವುದರಿಂದ ಅದನ್ನೂ 144ರಿಂದಲೇ ಭಾಗಿಸಿ, ಎಪ್ಪತ್ತಾರು ಟನ್ನಿನ ಮಾದರಿಯನ್ನು ಕಟ್ಟಹೊರಡುತ್ತಾರೆ! ಉದ್ದ, ಅಗಲ, ಆಳಗಳು ಮೂರೂ ಕುಗ್ಗುವುದರಿಂದ ಭಾರವನ್ನು 144ರ ಘನದಿಂದ, ಎಂದರೆ 29,85,984ರಿಂದ ಭಾಗಿಸಬೇಕು. ಆಗ ಬರುವುದು ಸುಮಾರು ಮೂರೂಮುಕ್ಕಾಲು ಕಿಲೋಗ್ರಾಂ. ಈ ಭಾರದೊಳಗೆಯೇ ಒಡಲು, ಮೋಟಾರು, ಬ್ಯಾಟರಿ, ಪಂಪು ಎಲ್ಲವೂ ಅಡಗಬೇಕು. ವೇಗದ ನಿಯಮವು ಮತ್ತೂ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಫ್ರೂಡ್ ಎಂಬ ಆಂಗ್ಲ ವಿಜ್ಞಾನಿಯು ತೋರಿಸಿಕೊಟ್ಟಂತೆ ಅದು ವರ್ಗಮೂಲವನ್ನು ಅನುಸರಿಸುತ್ತದೆ. 144ರ ವರ್ಗಮೂಲ 12. ಸುಮಾರು 31 ನಾಟ್ ವೇಗದ ನೌಕೆಯ ಮಾದರಿಯು ಎರಡೂವರೆ ನಾಟ್‌ಗಿಂತ ತುಸು ಹೆಚ್ಚಾಗಿ, ಎಂದರೆ ಮನುಷ್ಯನ ನಡಿಗೆಯ ವೇಗದಲ್ಲಿ, ಚಲಿಸಿದರೆ ಅದರ ಮುಂದೆ ಏಳುವ ಅಲೆಯು ನಿಜವಾದ ಹಡಗಿನ ಅಲೆಯನ್ನೇ ಹೋಲುತ್ತದೆ. ಇದೇ ನಿಯಮದ ಆಧಾರದ ಮೇಲೆ ವಿಶಾಖಪಟ್ಟಣದ ನೌಕಾ ವಿಜ್ಞಾನ ಪ್ರಯೋಗಾಲಯದ ಉದ್ದನೆಯ ನೀರುತೊಟ್ಟಿಯಲ್ಲಿ ಮಾದರಿಗಳನ್ನು ಎಳೆದು ಪರೀಕ್ಷಿಸುತ್ತಾರೆ. ಗಣಿತದ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ದೊರೆತೀತು!

ಆದರೂ ಮೊದಲ ನಾವೆಯಾಗಿ ಮೈಸೂರನ್ನು ಕಟ್ಟಬಾರದೆಂದೇ ನನ್ನ ಅಭಿಪ್ರಾಯ. ಹದಿಮೂರು ಸೆಂಟಿಮೀಟರಿನ ಅಗಲದಲ್ಲಿ ಹೊಸಬರ ಕೈ ಆಡುವುದಿಲ್ಲ. ಕಿರಿದಾದ ನಾವೆಯು ಸ್ವಲ್ಪ ನೀರು ಹೊಕ್ಕರೂ ಮಗ್ಗುಲಾಗುತ್ತದೆ. ಕಾರವಾರದ ಕಡಲತೀರದಲ್ಲಿ 2006ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ 'ಚಪಲ' ಎಂಬ ಕ್ಷಿಪಣಿ ದೋಣಿಯನ್ನು ಶಾಲಾಪ್ರವಾಸದಲ್ಲಿ ಕಂಡ ಮಕ್ಕಳು ಅದನ್ನೇ ಮಾಡೋಣವೆಂದಾರು. ಅದರ ಉದ್ದ ಮೂವತ್ತೊಂಬತ್ತು ಮೀಟರಿಗೂ ಕಡಿಮೆ. ಈ ಅಳತೆಯಲ್ಲಿ ಮಾದರಿಯು ಕೇವಲ ಇಪ್ಪತ್ತೇಳು ಸೆಂಟಿಮೀಟರ್ ಆಗಿ, ಪಂಪನ್ನಿಡಲೂ ಸ್ಥಳವಿರದು. ಅಮೆರಿಕದ ಸಂಘಗಳಲ್ಲಿ ಆಯುಧವಿಲ್ಲದ ಸರಕುಹಡಗುಗಳೂ ಕಾಳಗದ ನಡುವೆ ಒಂದು ಬಂದರಿನಿಂದ ಮತ್ತೊಂದಕ್ಕೆ ಸಾಗಿ ಅಂಕ ಗಳಿಸುವ ಪದ್ಧತಿ ಇದೆ. ಅಗಲವಾದ, ನಿಧಾನವಾದ, ನಳಿಗೆಗಳ ಗೊಡವೆಯೇ ಇಲ್ಲದ ಅಂಥ ಸರಕುಹಡಗೇ ನಮ್ಮ ಮಕ್ಕಳ ಪ್ರಥಮಪಾಠವಾಗಲಿ. ಮೈಸೂರು ಎರಡನೆಯ ವರ್ಷದ ಕೆಲಸ.

ಇನ್ನು ನಿರ್ಮಾಣದ ವಿಚಾರ. ಕಾಳಗದ ನಾವೆಯ ಒಡಲು ಮನುಷ್ಯನ ಎದೆಗೂಡಿನಂತೆ ಇರುತ್ತದೆ. ಫೈಬರ್‌ಗ್ಲಾಸ್ ಅಥವಾ ಪ್ಲೈವುಡ್ಡಿನ ತಳ, ಅದರಿಂದ ಮೇಲೆದ್ದ ಪಕ್ಕೆಲುಬುಗಳು, ಅವುಗಳ ಮೇಲೆ ಚರ್ಮದಂತೆ ಬಾಲ್ಸಾ ಹಾಳೆ. ಬೆಂಗಳೂರಿನಲ್ಲಿ ವಿಮಾನಮಾದರಿಯ ಸಾಮಗ್ರಿ ಮಾರುವವರಲ್ಲಿ ಬಾಲ್ಸಾ ದೊರೆಯುತ್ತದೆ. ಪಕ್ಕೆಲುಬುಗಳ ನಡುವೆ ಎಷ್ಟು ತೆರವಿರಬೇಕೆಂಬುದನ್ನು ನಿಯಮವೇ ಗೊತ್ತುಮಾಡಿದೆ. ಪೂರ್ತಿ ಗಟ್ಟಿಯಾದ ಒಡಲು ಮಾಡಿ ಗೆಲ್ಲಲು ಅವಕಾಶವಿಲ್ಲ. ಒಳಗಡೆ ತಳದ ನಟ್ಟನಡುವೆ ಉದ್ದಕ್ಕೂ ಒಂದು ಕಾಲುವೆಯನ್ನು ಬಿಟ್ಟು, ಇಕ್ಕೆಲಗಳನ್ನು ನೀರು ಹೀರದ ಹಗುರವಾದ ವಸ್ತುವಿನಿಂದ ತುಂಬತಕ್ಕದ್ದು. ಎಲ್ಲಿ ತೂತು ಬಿದ್ದರೂ ನೀರು ಈ ಕಾಲುವೆಗೆ ಇಳಿದು ಪಂಪಿನ ಬಾಯಿಗೆ ಬರಬೇಕು. ಈ ಏರ್ಪಾಡು ಇಲ್ಲವಾದರೆ ಒಳಹೊಕ್ಕ ನೀರು ನಾವೆಯು ತಿರುಗಿದಾಗಲೆಲ್ಲ ಒಂದು ಪಕ್ಕಕ್ಕೆ ನುಗ್ಗಿ ಅದನ್ನು ಮಗುಚುತ್ತದೆ. ತುಂಬಿದ ಪರಾತವನ್ನು ಎತ್ತಿ ನಡೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಒಂದು ತೂತಿನಿಂದ ಎಷ್ಟು ನೀರು ಬಂದೀತು? ನೀರಿನ ಗೆರೆಗಿಂತ ನಾಲ್ಕು ಸೆಂಟಿಮೀಟರ್ ಕೆಳಗೆ ನಾಲ್ಕೂವರೆ ಮಿಲಿಮೀಟರಿನ ಒಂದು ರಂಧ್ರವಾದರೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ಒಳಹೊಗುತ್ತದೆ. ನಾಲ್ಕು ರಂಧ್ರಗಳಾದರೆ ಎರಡು ಲೀಟರ್, ಎಂದರೆ ಎರಡು ಕಿಲೋಗ್ರಾಂ. ನಮ್ಮ ಮೈಸೂರಿನ ಸ್ವಂತ ಭಾರದ ಅರ್ಧಕ್ಕೂ ಮಿಗಿಲು. ನಾವೆಯು ಭಾರದಿಂದ ಕೆಳಗಿಳಿದಷ್ಟೂ ರಂಧ್ರವು ಇನ್ನೂ ಆಳಕ್ಕೆ ಹೋಗಿ ನೀರು ಇನ್ನೂ ರಭಸದಿಂದ ಬರುತ್ತದೆ. ಪಂಪನ್ನು ತಡವಾಗಿ ಚಾಲೂ ಮಾಡಿದವನು ಆ ಅಂತರವನ್ನು ಮತ್ತೆ ಹಿಡಿಯಲಾರನು.

ದೂರನಿಯಂತ್ರಣದ ಉಪಕರಣದ ವಿಷಯದಲ್ಲಿ ಹೆಚ್ಚು ಬರೆಯಬೇಕಾದುದಿಲ್ಲ. 1898ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ನಿಕೊಲಾ ಟೆಸ್ಲಾ ರೇಡಿಯೋ ಅಲೆಗಳಿಂದ ದೋಣಿಯನ್ನು ನಡೆಸಿ ತೋರಿಸಿದಾಗ ಜನ ನಂಬಲಾರದೆ ಹೋದರು; ಇಂದು ಅದು ಆಟಿಕೆಯ ಅಂಗಡಿಯ ವಸ್ತು. ಆದರೆ ಈಗ ರೂಢಿಯಲ್ಲಿರುವ 2.4 ಗಿಗಾಹರ್ಟ್ಸ್ ಅಲೆಗಳು ನೀರನ್ನು ಭೇದಿಸಲಾರವು. ಗ್ರಾಹಕದ ತಂತಿಯನ್ನು ನೀರಿನ ಗೆರೆಗಿಂತ ಮೇಲೆಯೇ, ಹಡಗಿನ ಗೋಪುರದೊಳಗೆ, ನಿಲ್ಲಿಸತಕ್ಕದ್ದು. ಗ್ರಾಹಕವನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಡುವುದೂ, ಬ್ಯಾಟರಿಯನ್ನು ತಳದಲ್ಲಿ ಅಲುಗದಂತೆ ಬಿಗಿಯುವುದೂ, ಮೋಟಾರಿನ ದಂಡವು ಒಡಲನ್ನು ಹಾದುಹೋಗುವ ಕೊಳವೆಗೆ ಗ್ರೀಸು ತುಂಬುವುದೂ ಅತ್ಯವಶ್ಯ. ಇವೆಲ್ಲವೂ ಮುಗಿದ ಮೇಲೆ ಸಿಮೆಂಟಿನ ತೊಟ್ಟಿಯಲ್ಲಿ ನಾವೆಯನ್ನು ಒಂದು ಗಂಟೆ ಸುಮ್ಮನೆ ತೇಲಬಿಟ್ಟು, ಅನಂತರ ಚೊಂಬಿನಿಂದ ನೀರನ್ನು ಒಳಕ್ಕೆ ಹೊಯ್ದು ಪಂಪನ್ನು ಪರೀಕ್ಷಿಸಬೇಕು.

ನಳಿಗೆಗಳನ್ನು ನಮ್ಮ ಶಾಲೆಯ ಅಂಗಳಕ್ಕೆ ತರಬಾರದೆಂದು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಅಮೆರಿಕದಲ್ಲಿ ನಳಿಗೆಯ ಬಾಯಿ ಕೆಳಮುಖವಾಗಿರಬೇಕು, ಅನಿಲದ ಒತ್ತಡಕ್ಕೆ ಮಿತಿಯಿರಬೇಕು, ದಡದಲ್ಲಿ ನಿಂತ ಪ್ರತಿಯೊಬ್ಬನೂ ಕಣ್ಣಿಗೆ ರಕ್ಷಾಕನ್ನಡಕ ಧರಿಸಿರಬೇಕು ಎಂಬ ಕಟ್ಟುಪಾಡುಗಳಿವೆ. ಇಷ್ಟಿದ್ದರೂ ಅದು ವಯಸ್ಕರ ಕೈಯ ವಸ್ತು. ನೂರು ಮಕ್ಕಳು ಸುತ್ತ ನೆರೆಯುವಲ್ಲಿ ಒಂದು ಕಣ್ಣು ಹೋದರೆ ಅದನ್ನು ಯಾವ ಪದಕವೂ ತಂದುಕೊಡಲಾರದು. ಇದರ ಬದಲಿಗೆ ಹೀಗೆ ಮಾಡಬಹುದು. ಎರಡು ತಂಡಗಳ ನಾವೆಗಳಿಗೂ ಪಾರ್ಶ್ವಗಳಲ್ಲಿ ಸಮಾನ ಅಳತೆಯ ಹನ್ನೆರಡು ರಂಧ್ರಗಳನ್ನು ಕೊರೆದು, ಮೇಣ ಸವರಿದ ಮರದ ಬಿರಡೆಗಳಿಂದ ಮುಚ್ಚಿಡುವುದು. ಪ್ರತಿಯೊಂದು ಸುತ್ತಿಗೆ ಮುನ್ನ ಎದುರಾಳಿಯ ನಾವೆಯ ಯಾವ ನಾಲ್ಕು ಬಿರಡೆಗಳನ್ನು ಕೀಳಬೇಕೆಂಬುದನ್ನು ಪ್ರತಿಪಕ್ಷದವರೇ ಆಯುವರು. ಕಿತ್ತೊಡನೆ ನಾವೆಗಳು ಹೊರಟು, ಮೂರು ಗುರುತುಗಳನ್ನು ಸುತ್ತಿ ಬಂದರಿಗೆ ಮರಳಬೇಕು. ಜಾಣರು ನಾಲ್ಕನ್ನೂ ಒಂದೇ ಪಕ್ಕದಲ್ಲಿ ಕೀಳುವರು. ಅದಕ್ಕೆ ಪ್ರತಿಯಾಗಿ ನಾವೆಯ ತಂಡದವರು ಯಾವ ಪಕ್ಕಕ್ಕೆ ತಿರುಗಬೇಕು, ಎಷ್ಟು ವೇಗದಲ್ಲಿ ಹೋಗಬೇಕು ಎಂಬುದನ್ನು ಆ ಕ್ಷಣದಲ್ಲಿಯೇ ನಿರ್ಧರಿಸಬೇಕು. ಗುಂಡಿಲ್ಲದೆಯೂ ಕಾಳಗದ ಸಾರವೆಲ್ಲ ಇದರಲ್ಲಿದೆ.

ಎಲ್ಲಕ್ಕಿಂತ ಗಂಭೀರವಾದ ಮಾತೆಂದರೆ ನೀರಿನದು. ನಮ್ಮ ಸೀಮೆಯ ಕೆರೆಗಳಲ್ಲಿ ಮಣ್ಣು ತೆಗೆದ ಗುಂಡಿಗಳು ಮೇಲೆ ಕಾಣವು. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮರುಹೆಜ್ಜೆಗೆ ಆಳಕ್ಕೆ ಬೀಳುತ್ತಾನೆ. ಹೊಲಗಳಲ್ಲಿನ ಕೃಷಿಹೊಂಡಗಳಾದರೋ ಇನ್ನೂ ಘೋರ. ಪ್ಲಾಸ್ಟಿಕ್ ಹಾಸಿದ ಅವುಗಳ ಇಳಿಜಾರಿನಲ್ಲಿ ಕಾಲು ಜಾರಿದ ಮಗುವು ತಾನಾಗಿ ಮೇಲೇರಿ ಬರಲಾರದು. ಪ್ರತಿವರ್ಷ ಬೇಸಗೆಯ ರಜೆಯಲ್ಲಿ ಇಂಥ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದದ ಉಪಾಧ್ಯಾಯರಿಲ್ಲ. ಮುಳುಗಿದ ನಾವೆಯನ್ನು ಎತ್ತಲು ಹುಡುಗನು ಹಿಂದುಮುಂದು ನೋಡದೆ ನೀರಿಗೆ ಹಾರುವನೆಂಬುದನ್ನು ಗೃಹೀತವಾಗಿ ಹಿಡಿದೇ ಸ್ಥಳವನ್ನು ಆಯಬೇಕು. ಆದಕಾರಣ ಕೆರೆಯೂ ಬೇಡ, ಹೊಂಡವೂ ಬೇಡ. ಆಟದ ಮೈದಾನದ ಒಂದು ಮೂಲೆಯಲ್ಲಿ ಹದಿನೈದು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಜಾಗವನ್ನು ಒಂದೂವರೆ ಅಡಿ ಮಾತ್ರ ಅಗೆದು, ತಳವನ್ನು ಸಮಮಾಡಿ, ಟಾರ್ಪಾಲು ಹಾಸಿ, ಒಂದು ಅಡಿ ನೀರು ನಿಲ್ಲಿಸಿದರೆ ಸಾಕು. ಸುತ್ತ ಬೇಲಿ ಇರಲಿ. ಕ್ರೀಡೆ ಮುಗಿದೊಡನೆ ನೀರನ್ನು ಶಾಲೆಯ ತೋಟಕ್ಕೆ ಹರಿಸಿಬಿಡಲಿ. ಹಾಸಿನ ಮೇಲೆ ನೀರು ನಿಂತೇ ಇರಬಾರದು.

ನೌಕಾಮಾದರಿ ನಿರ್ಮಾಣವು ಎನ್.ಸಿ.ಸಿ.ಯ ನೌಕಾವಿಭಾಗದಲ್ಲಿ ಸ್ಪರ್ಧೆಯ ವಿಷಯವೇ ಆಗಿದೆ. ಅಖಿಲ ಭಾರತ ನೌಸೈನಿಕ ಶಿಬಿರವು ಕಾರವಾರದಲ್ಲಿಯೂ ನಡೆದುದುಂಟು. ಅಲ್ಲಿ ಕಾಳಗವಿಲ್ಲ, ಮಾದರಿಯ ನೈಪುಣ್ಯವನ್ನು ಮಾತ್ರ ಅಳೆಯುತ್ತಾರೆ. ಇಲ್ಲಿ ಕಲಿತ ಕೈಗಳು ಮುಂದೆ ಕಾಲೇಜಿನಲ್ಲಿ ಆ ವಿಭಾಗಕ್ಕೆ ಸೇರಿದರೆ ಬರಿಗೈಯಲ್ಲಿ ಹೋದಂತಾಗುವುದಿಲ್ಲ.

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಏನನ್ನು ಕೊಡಬೇಕೆಂದು ಕೇಳುವುದಾದರೆ, ಸಿದ್ಧವಾದ ಹೊಳೆಯುವ ಹಡಗನ್ನು ತಂದುಕೊಡದಿರಲೆಂದು ಬಿನ್ನಹ. ಅದು ಗಾಜಿನ ಬೀರುವನ್ನು ಸೇರಿ ಧೂಳು ತಿನ್ನುತ್ತದೆ. ಎರಡು ಪ್ರೇಷಕ ಗ್ರಾಹಕಗಳ ಜೋಡಿ, ನಾಲ್ಕು ಸಣ್ಣ ಮೋಟಾರು, ಎರಡು ಪಂಪು, ಪ್ಲೈವುಡ್ ಹಲಗೆ, ಅಂಟು, ಒಂದು ಒಳ್ಳೆಯ ತಕ್ಕಡಿ, ಇಷ್ಟು ಸಾಕು. ರಂದ, ಗರಗಸಗಳನ್ನು ಹಿಡಿದು ಕಲಿಸಲು ಊರಿನ ಬಡಗಿಯೊಬ್ಬರನ್ನು ಶನಿವಾರ ಮಧ್ಯಾಹ್ನ ಗೌರವಧನ ಕೊಟ್ಟು ಕರೆಯಿಸುವ ವ್ಯವಸ್ಥೆಯಾದರೆ ಇನ್ನೂ ಉತ್ತಮ. ಜೂನ್ ತಿಂಗಳಲ್ಲಿ ಕೆಲಸ ಆರಂಭಿಸಿದರೆ ದಸರೆಯ ರಜೆಯ ಹೊತ್ತಿಗೆ ಮೊದಲ ಸರಕುಹಡಗು ತೊಟ್ಟಿಯ ಪರೀಕ್ಷೆಗೆ ಸಿದ್ಧವಾಗುತ್ತದೆ.