ತ್ರೀ ಫೇಸ್ ಬರುವವರೆಗೆ ಒಂದು ಯುದ್ಧ

ಕುಕ್ಕುವಾಡದಂಥ ಊರಲ್ಲಿ ಬೇಸಾಯ ಮಾಡಿಕೊಂಡು ವಿಡಿಯೋ ಗೇಮ್ ಆಡುವವರಿಗೆ ಒಬ್ಬರಾದ ಮೇಲೆ ಒಬ್ಬರು ನಡೆ ಇಡುವ ಸರದಿ ಆಟವೇ ಸರಿ. ಭದ್ರಾ ನಾಲೆಯ ನೀರಿನ ಜೊತೆಗೆ ಬೋರ್‌ವೆಲ್ಲನ್ನೂ ನಂಬಿದ ಮನೆ ನಮ್ಮದು. ರಾತ್ರಿ ತ್ರೀ ಫೇಸ್ ಕರೆಂಟ್ ಬಂತೆಂದರೆ ಎದ್ದು ಹೋಗಿ ಮೋಟರ್ ಹಾಕಿ ಬರಲೇಬೇಕು. ಓಡುತ್ತ ಗುಂಡು ಹಾರಿಸುವ ಆಟವಾದರೆ ಅಷ್ಟರಲ್ಲಿ ಕಥೆ ಮುಗಿದಿರುತ್ತದೆ. ಅನ್ಯಗ್ರಹದವರ ವಿರುದ್ಧ ಸೈನಿಕರನ್ನು ನಡೆಸುವ ಎಕ್ಸ್‌ಕಾಮ್ 2 ಹಾಗಲ್ಲ. ನಾನು ಗದ್ದೆಗೆ ಹೋಗಿ ಬರುವ ತನಕ ಅನ್ಯಗ್ರಹದವರು ನಿಂತಲ್ಲೇ ನಿಂತಿರುತ್ತಾರೆ. ಈ ಆಟದಲ್ಲಿ ಬಹಳ ಜನ ಬೈದದ್ದು ಇಷ್ಟೇ ಸರದಿಯೊಳಗೆ ಮುಗಿಸು ಎನ್ನುವ ಗಡುವನ್ನು. ಅದು ಎಣಿಸುವುದು ಸರದಿಗಳನ್ನು, ನಿಮಿಷಗಳನ್ನಲ್ಲ. ಹಾಗಾಗಿ ನನಗೆ ಅದರ ಬಗ್ಗೆ ತಕರಾರಿರಲಿಲ್ಲ.

ಫಿರಾಕ್ಸಿಸ್ ಕಂಪನಿಯ ಈ ಆಟ ಬಂದದ್ದು 2016ರ ಫೆಬ್ರವರಿಯಲ್ಲಿ. ಅದರ ದೊಡ್ಡ ವಿಸ್ತರಣೆ ‘ವಾರ್ ಆಫ್ ದಿ ಚೋಸನ್’ 2017ರ ಆಗಸ್ಟಿನಲ್ಲಿ. ನನಗೆ ಸಿಕ್ಕಿದ್ದು ಎಷ್ಟೋ ತಡವಾಗಿ. ಇಲ್ಲಿಯ ಮೊಬೈಲ್ ಡೇಟಾದಲ್ಲಿ ಇಳಿಸುವ ಗಾತ್ರ ಅದಲ್ಲ. ದಾವಣಗೆರೆಯ ಗೆಳೆಯನ ರೂಮಿಗೆ ಲ್ಯಾಪ್‌ಟಾಪ್ ಹೊತ್ತೊಯ್ದು ಇಳಿಸಿಕೊಂಡೆ.

ವಿಸ್ತರಣೆಯ ಮುಖ್ಯ ಆಕರ್ಷಣೆ ಮೂವರು ಶತ್ರುಗಳು: ಅಸಾಸಿನ್, ಹಂಟರ್, ವಾರ್‌ಲಾಕ್. ಪ್ರತಿ ಬಾರಿ ಹೊಸದಾಗಿ ಆಟ ಶುರು ಮಾಡಿದಾಗ ಇವರ ಬಲ, ದೌರ್ಬಲ್ಯ ಬದಲಾಗುತ್ತವೆ. ಕಳೆದ ಸಲ ಗ್ರೆನೇಡಿಗೆ ಬಗ್ಗಿದ ಅಸಾಸಿನ್ ಈ ಸಲ ಬಗ್ಗದೆ ಇರಬಹುದು. ನನ್ನ ಸೈನಿಕರಿಗೆ ಊರಿನ ಕಬಡ್ಡಿ ತಂಡದ ಹುಡುಗರ ಹೆಸರಿಟ್ಟಿದ್ದೆ. ಅಸಾಸಿನ್ ಎಲ್ಲಿಂದಲೋ ಬಂದು ಕತ್ತಿ ಬೀಸಿ ಮತ್ತೆ ಕಣ್ಮರೆಯಾದಳು; ನಮ್ಮ ಕ್ಯಾಪ್ಟನ್ ತಲೆ ತಿರುಗಿ ಕೂತ. ಪಕ್ಕದವನು ತನ್ನ ಸರದಿ ಖರ್ಚು ಮಾಡಿ ಅವನನ್ನು ಎಬ್ಬಿಸಬೇಕಿತ್ತು, ನಡುವೆ ಗೋಡೆಯಿತ್ತು. ಮುಂದಿನ ಸರದಿಗೆ ಅವಳು ಅವನನ್ನು ಹೊತ್ತುಕೊಂಡೇ ಹೋದಳು. ಸತ್ತಿದ್ದರೆ ಹೊಸಬನನ್ನು ಸೇರಿಸಿಕೊಂಡು ಸುಮ್ಮನಾಗಬಹುದಿತ್ತು. ಅಪಹರಣವಾದವನನ್ನು ಬಿಡಿಸಿ ತರಬಹುದು ಎಂಬ ಆಸೆ ಮಾತ್ರ ಆಟಗಾರನನ್ನು ಬಿಡುವುದಿಲ್ಲ. ವಿಷಯ ತಿಳಿದ ನಿಜವಾದ ಕ್ಯಾಪ್ಟನ್, ಬಿಡಿಸಿದೆಯೋ ಇಲ್ಲವೋ ಎಂದು ಸಿಕ್ಕಸಿಕ್ಕಲ್ಲಿ ಕೇಳುತ್ತಿದ್ದ.

ನನ್ನ ಲೆಕ್ಕದಲ್ಲಿ ಈ ಮೂವರಿಗಿಂತ ದೊಡ್ಡ ಆಕರ್ಷಣೆ ಸೈನಿಕರ ದಣಿವು. ಪ್ರತಿ ಕಾರ್ಯಾಚರಣೆಯಲ್ಲೂ ಸೈನಿಕರ ಮನೋಬಲ ಕುಗ್ಗುತ್ತದೆ. ದಣಿದವರನ್ನೇ ಮತ್ತೆ ಕಳಿಸಿದರೆ ಗಾಬರಿಬೀಳುತ್ತಾರೆ, ಚಾಳಿ ಹತ್ತಿಸಿಕೊಳ್ಳುತ್ತಾರೆ. ಒಬ್ಬನಿಗೆ ಬಂದೂಕು ತುಂಬಿದ್ದರೂ ಮತ್ತೆ ಮತ್ತೆ ತುಂಬುವ ಗೀಳು. ಇನ್ನೊಬ್ಬನಿಗೆ ವೈಪರ್ ಎಂಬ ಹಾವಿನ ಮೈಯ ಶತ್ರುವೆಂದರೆ ಭಯ. (ಭತ್ತದ ಗದ್ದೆಗೆ ರಾತ್ರಿ ಟಾರ್ಚ್ ಹಿಡಿದು ಹೋಗುವ ನಾನು ಅವನನ್ನು ನೋಡಿ ನಗುವಂತಿಲ್ಲ.) ಮೂಲ ಆಟದಲ್ಲಿ ಆರು ಮಂದಿ ಹುಲಿಗಳನ್ನು ಬೆಳೆಸಿಕೊಂಡು ಕೊನೆಯವರೆಗೂ ಅವರನ್ನೇ ದುಡಿಸಬಹುದಿತ್ತು. ಇಲ್ಲಿ ಸಕ್ಕರೆ ಕಾರ್ಖಾನೆಯ ಪಾಳಿಯ ಹಾಗೆ ಜನರನ್ನು ಬದಲಿಸುತ್ತಲೇ ಇರಬೇಕು. ಹೊಸಬರಿಗೂ ಕೆಲಸ ಕಲಿಸಬೇಕು. ಕಷ್ಟದ ಕಾರ್ಯಾಚರಣೆ ಎದುರಿಗಿದ್ದಾಗ ಯಾರನ್ನು ಕಳಿಸಲಿ ಎಂಬ ಪ್ರಶ್ನೆಗೆ ಸಲೀಸಾದ ಉತ್ತರವೇ ಇರುವುದಿಲ್ಲ. ತಂತ್ರದ ಆಟಕ್ಕೆ ಬೇಕಾದ್ದು ಇದೇ.

ಕೆಡುಕೂ ಇದೇ ವಿಸ್ತರಣೆಯಲ್ಲಿದೆ. ರೀಪರ್, ಸ್ಕರ್ಮಿಶರ್, ಟೆಂಪ್ಲರ್ ಎಂಬ ಮೂರು ಬಣಗಳಿಂದ ನಮ್ಮ ಕಡೆ ಸೇರುವ ವೀರರು ತೀರಾ ಬಲಶಾಲಿಗಳು. ಟೆಂಪ್ಲರ್ ಬೀಸಿದ ಏಟು ತಪ್ಪುವುದೇ ಇಲ್ಲ. ಹೊಡೆದ ಮೇಲೂ ಅಲ್ಲಿಂದ ಸರಿದುಕೊಳ್ಳಬಹುದು. ರೀಪರ್ ಅಂತೂ ನೆರಳಲ್ಲಿ ಅಡಗಿಕೊಂಡೇ ಶತ್ರು ಪಾಳೆಯವನ್ನೆಲ್ಲ ನೋಡಿ ಬರಬಹುದು. ಅನುಭವ ಹೆಚ್ಚಿದ ಮೇಲೆ ಗುಂಡಿನ ಡಬ್ಬಿಯಲ್ಲಿರುವಷ್ಟನ್ನೂ ಒಬ್ಬನ ಮೇಲೇ ಸುರಿಯುವ ವಿದ್ಯೆ ಬರುತ್ತದೆ. ಡಬ್ಬಿ ದೊಡ್ಡದು ಮಾಡಿಕೊಂಡರೆ ಎಂಥ ರಾಕ್ಷಸನೂ ಒಂದೇ ಸರದಿಗೆ ಉರುಳುತ್ತಾನೆ. ಅಪಾಯವಿಲ್ಲ ಎಂದಮೇಲೆ ಯೋಚನೆ ಏಕೆ? ಕೊನೆಕೊನೆಗೆ ನಾನು ರೀಪರನ್ನು ಮನೆಯಲ್ಲೇ ಬಿಟ್ಟು ಹೋಗತೊಡಗಿದೆ. ಆಟ ಮತ್ತೆ ಬಿಗಿಯಾಯಿತು.

ಪಾಳು ಊರುಗಳಲ್ಲಿ ಹಿಂಡುಹಿಂಡಾಗಿ ಬರುವ, ಜೊಂಬಿಯಂಥ ‘ಲಾಸ್ಟ್’ಗಳದ್ದು ಬೇರೆ ಕಥೆ. ಒಂದನ್ನು ಗುಂಡು ಹಾರಿಸಿ ಕೆಡವಿದರೆ ಇನ್ನೊಂದು ಗುಂಡು ಹಾರಿಸುವ ಅವಕಾಶ ಸಿಗುತ್ತದೆ. ಬಾಂಬ್ ಸಿಡಿಸಿದರೆ ಸದ್ದಿಗೆ ಇನ್ನಷ್ಟು ಬರುತ್ತವೆ. ಮೊದಲು ಎದೆ ನಡುಗುತ್ತದೆ, ಆಮೇಲೆ ಬರೀ ಕೂಲಿ ಕೆಲಸ. ಆ ಮೂವರು ಶತ್ರುಗಳ ಬೈಗುಳವೂ ಅಷ್ಟೇ, ಕೇಳಿದ್ದನ್ನೇ ಕೇಳಬೇಕು.

ಶುರುವಿನಲ್ಲೇ ಬಣ, ಗುಪ್ತ ಕಾರ್ಯ, ದಣಿವು, ಸೈನಿಕರ ನಡುವಿನ ನಂಟು ಎಲ್ಲವನ್ನೂ ಒಟ್ಟಿಗೆ ತಲೆಯ ಮೇಲೆ ಸುರಿಯುತ್ತಾರೆ. ಹೊಸಬರಿಗೆ ಇದು ಹೊರೆಯೇ. ಆದ್ದರಿಂದ ನನ್ನ ಸಲಹೆ: ಮೂಲ ಆಟವನ್ನು ಒಮ್ಮೆ ಮುಗಿಸಿ, ಆಮೇಲೆ ಇದಕ್ಕೆ ಬನ್ನಿ. ಎರಡನೇ ಸಲ ಆಡುವಾಗ ‘ಲಾಸ್ಟ್ ಅಂಡ್ ಅಬಾಂಡನ್ಡ್’ ಎಂಬ ಉದ್ದದ ಆರಂಭದ ಕಾರ್ಯಾಚರಣೆಯ ಮುಂದಿರುವ ಟಿಕ್ ಗುರುತನ್ನು ತೆಗೆದುಬಿಡಿ. ಮೂಲ ಆಟ ಇಲ್ಲದೆ ವಿಸ್ತರಣೆ ನಡೆಯುವುದಿಲ್ಲ, ಎರಡಕ್ಕೂ ದುಡ್ಡು ಬೇಕು. ಪೂರ್ತಿ ಬೆಲೆ ಕೊಡುವ ಅವಸರ ಬೇಡ. ಸ್ಟೀಮ್‌ನಲ್ಲಿ ರಿಯಾಯಿತಿ ಬಂದಾಗ ಎರಡನ್ನೂ ಕೊಳ್ಳಿ.